ಜೋಡಿ ಕಾರ್ಡಿನ ಗಣಕಯಂತ್ರ

ಬಂಡಿಗೆ ಎರಡನೆಯ ಎತ್ತನ್ನು ಕಟ್ಟಿದ ಮಾತ್ರಕ್ಕೆ ಅದು ಇಮ್ಮಡಿ ವೇಗದಿಂದ ಓಡುವುದಿಲ್ಲವೆಂಬುದನ್ನು ಒಕ್ಕಲುತನ ಬಲ್ಲ ಮನೆತನಗಳಿಗೆ ಹೇಳಬೇಕಾಗಿಲ್ಲ. ಎತ್ತುಗಳು ಹೊಂದಿಕೊಳ್ಳಬೇಕು, ನೊಗ ಗಟ್ಟಿಯಿರಬೇಕು, ಎರಡಕ್ಕೂ ಹೊಟ್ಟೆ ತುಂಬ ಮೇವಿರಬೇಕು. ನಮ್ಮ ಮಕ್ಕಳು ಆಟಕ್ಕೆಂದು ಕಟ್ಟಿಕೊಳ್ಳುವ ಗಣಕಯಂತ್ರವೂ ಈ ಮಾತಿಗೆ ಹೊರತಲ್ಲ. ತೆರೆಯ ಮೇಲಿನ ಚಿತ್ರಗಳನ್ನು ಬಿಡಿಸುವ ಹೊಣೆ ಹೊತ್ತ ಭಾಗಕ್ಕೆ ಗ್ರಾಫಿಕ್ಸ್ ಕಾರ್ಡ್ ಎಂದು ಹೆಸರು. ಒಂದು ಸಾಲದೆಂದು ಇಂಥ ಎರಡು ಕಾರ್ಡುಗಳನ್ನು ಜೋಡಿಸುವ ಪದ್ಧತಿಯನ್ನು 1998ರಲ್ಲಿ ತ್ರೀಡಿಎಫ್‌ಎಕ್ಸ್ ಕಂಪನಿಯು ತನ್ನ ವೂಡೂ-2 ಕಾರ್ಡಿನ ಮೂಲಕ ಮನೆಯ ಯಂತ್ರಗಳಿಗೆ ತಂದಿತು. 2004ರಲ್ಲಿ ಎನ್‌ವಿಡಿಯಾ ‘ಎಸ್‌ಎಲ್‌ಐ’ ಎಂಬ ಹೆಸರಿನಲ್ಲಿಯೂ, ಮರುವರ್ಷ ಎಟಿಐ ‘ಕ್ರಾಸ್‌ಫೈರ್’ ಎಂಬ ಹೆಸರಿನಲ್ಲಿಯೂ ಇಂಥ ಜೋಡಣೆಯನ್ನು ಮಾರುಕಟ್ಟೆಗೆ ತಂದವು. ಒಂದು ಚಿತ್ರವನ್ನು ಮೊದಲನೆಯ ಕಾರ್ಡು, ಮುಂದಿನದನ್ನು ಎರಡನೆಯದು, ಹೀಗೆ ಸರದಿಯಂತೆ ಬಿಡಿಸುವುದು ಇದರ ಸಾಮಾನ್ಯ ಕ್ರಮ. ಆರಾರು ಜಿಬಿಯ ಎರಡು ಕಾರ್ಡುಗಳಿದ್ದರೆ ಹನ್ನೆರಡಾಯಿತೆಂದು ಹುಡುಗರು ಹಿಗ್ಗುವುದುಂಟು. ಎರಡೂ ಒಂದೇ ಸಾಮಗ್ರಿಯ ಪ್ರತಿಯನ್ನು ಇಟ್ಟುಕೊಳ್ಳುವುದರಿಂದ ಲೆಕ್ಕಕ್ಕೆ ಸಿಗುವುದು ಆರೇ!

ಕಲಾಸಿಪಾಳ್ಯದಲ್ಲಿರುವ ನಮ್ಮಣ್ಣನ ಮಗ 2017ರಲ್ಲಿ ಇಂಥ ಜೋಡಿಯನ್ನು ಕಟ್ಟಿದ. ಮನೆಯಲ್ಲಿದ್ದ ಜಿಟಿಎಕ್ಸ್ 980 ಟಿಐ ಕಾರ್ಡಿಗೆ ಜೊತೆಯಾಗಿ, ಅದೇ ಮಾದರಿಯ ಬಳಸಿದ ಕಾರ್ಡೊಂದನ್ನು ತಾನು ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ಹಣದಿಂದ ಎಸ್.ಪಿ. ರಸ್ತೆಯ ಸಣ್ಣ ಅಂಗಡಿಯೊಂದರಲ್ಲಿ ಕೊಂಡು ತಂದ. ಮನೆಯಿಂದ ನಡೆದೇ ಹೋಗಬಹುದಾದ ಆ ರಸ್ತೆ ಗಣಕಯಂತ್ರದ ಬಿಡಿಭಾಗಗಳಿಗೆ ನಾಡಿನಲ್ಲೆಲ್ಲ ಹೆಸರಾದದ್ದು. ಅಂದಿನಿಂದ, ಆಟ ಆರಂಭಿಸಿದ ಅರ್ಧ ಗಂಟೆಯೊಳಗೆ ತೆರೆ ಕಪ್ಪಾಗಿ, ಯಂತ್ರವು ತಾನಾಗಿಯೇ ನಿಂತು ಮತ್ತೆ ಆರಂಭವಾಗತೊಡಗಿತು. ಬಳಸಿದ ಕಾರ್ಡು ಬಂದ ಮೇಲೆ ಕೆಟ್ಟಿತು, ಆದುದರಿಂದ ಆ ಕಾರ್ಡೇ ಕೆಟ್ಟದ್ದೆಂದು ಅಣ್ಣ ತೀರ್ಮಾನಿಸಿ ಅಂಗಡಿಗೆ ಹೋದರು. ಮಾತಿಗೆ ಮಾತು ಬೆಳೆಯಿತು. ಕಾರ್ಡನ್ನು ಪರೀಕ್ಷಿಸಿ ಕೊಟ್ಟಿದ್ದ ಕೆಲಸದ ಹುಡುಗನ ಸಂಬಳದಲ್ಲಿ ಮುರಿದುಕೊಂಡು ಹಣ ಹಿಂದಿರುಗಿಸುವುದಾಗಿ ಮಾಲೀಕರು ಒಪ್ಪಿದರು. ಊರಿನಲ್ಲಿ ತಂದೆತಾಯಿಗಳನ್ನು ಬಿಟ್ಟು ದುಡಿಯಲು ಬಂದ ಹುಡುಗ. ಅವನ ಎರಡು ತಿಂಗಳ ಅನ್ನದ ಪ್ರಶ್ನೆ ಅದಾಗಿತ್ತು. ಕಾಯಕದ ಹಿರಿಮೆಯನ್ನು ನಿತ್ಯ ಕೊಂಡಾಡುವ ನಮ್ಮ ಮನೆಗಳಲ್ಲಿ ಇನ್ನೊಬ್ಬನ ಕಾಯಕದ ಮೇಲೆ ಪರೀಕ್ಷೆಯಿಲ್ಲದೆ ಕಳಂಕ ಹೊರಿಸುವುದು ನನಗೆ ಸರಿಕಾಣಲಿಲ್ಲ. ಭೌತಶಾಸ್ತ್ರ ಪಾಠ ಮಾಡಿದವಳು ನಾನು. “ಮೂರು ದಿನ ತಡೆಯಣ್ಣ” ಎಂದು ಕೇಳಿಕೊಂಡೆ.

ವಿಂಡೋಸ್ ತನ್ನ ದಾಖಲೆಯಲ್ಲಿ ‘ಕರ್ನಲ್-ಪವರ್ 41’ ಎಂದು ಬರೆದಿಟ್ಟಿತ್ತು. ‘ಪವರ್’ ಎಂಬ ಪದ ಕಂಡೊಡನೆ ವಿದ್ಯುತ್ತಿನ ದೋಷವೆಂದು ನಂಬುವವರು ಬಹಳ. ಯಂತ್ರವು ಕ್ರಮವಾಗಿ ಮುಚ್ಚಿಕೊಳ್ಳದೆ ನಿಂತಿತೆಂಬುದಕ್ಕಿಂತ ಹೆಚ್ಚಿನದೇನನ್ನೂ ಆ ಬರಹ ಹೇಳದು. ಕಾರ್ಡು ಎರಡು ಸೆಕೆಂಡುಗಳ ಕಾಲ ಉತ್ತರಿಸದಿದ್ದರೆ ವಿಂಡೋಸ್ ಅದರ ಡ್ರೈವರ್ ತಂತ್ರಾಂಶವನ್ನು ಮತ್ತೆ ಆರಂಭಿಸಿ, ಚೇತರಿಸಿಕೊಂಡ ಸಂಗತಿಯನ್ನು 4101 ಎಂಬ ಸಂಖ್ಯೆಯಡಿ ಬರೆಯುತ್ತದೆ. ಅಂಥ ಬರಹವೂ ಅಲ್ಲಿರಲಿಲ್ಲ.

ಮೊದಲನೆಯ ರಾತ್ರಿ ಹಳೆಯ ಕಾರ್ಡೊಂದನ್ನೇ ಇಟ್ಟು ಆಟ ನಡೆಸಿದೆವು. ಮರುರಾತ್ರಿ ಅದೇ ಸ್ಲಾಟಿನಲ್ಲಿ, ಅದೇ ಆಟಕ್ಕೆ, ಅಂಗಡಿಯಿಂದ ತಂದದ್ದನ್ನಿಟ್ಟೆವು. ಎರಡೂ ಬೆಳಗಿನವರೆಗೆ ದುಡಿದವು. ಅಲ್ಲಿಗೆ ಹುಡುಗನ ಮೇಲಿನ ಆರೋಪ ಬಹುಪಾಲು ಬಿದ್ದುಹೋಯಿತು. ಎರಡನ್ನೂ ಕೂರಿಸಿ ಎಸ್‌ಎಲ್‌ಐಯನ್ನು ಮಾತ್ರ ನಿಲ್ಲಿಸಿದಾಗಲೂ ತೊಂದರೆಯಿಲ್ಲ, ಜೋಡಿಸಿದೊಡನೆ ಮತ್ತೆ ಅದೇ ಕತ್ತಲು. ಮೇಲಿನ ಕಾರ್ಡಿನ ಫ್ಯಾನಿಗೆ ಕೆಳಗಿನದು ಅಡ್ಡವಾಗಿ ಗಾಳಿ ಸಾಲದೇ ಹೋಗುವುದುಂಟಷ್ಟೆ. ಕ್ಯಾಬಿನೆಟ್ಟಿನ ಪಕ್ಕದ ಹಲಗೆ ತೆಗೆದು ಟೇಬಲ್ ಫ್ಯಾನ್ ಹಚ್ಚಿದೆವು. ಶಾಖ ಇಳಿಯಿತು, ಕತ್ತಲು ತಪ್ಪಲಿಲ್ಲ. ಡ್ರೈವರನ್ನು ಬೇರುಸಹಿತ ಅಳಿಸಿ ಹೊಸದಾಗಿ ಹಾಕಿದೆವು, ಎರಡು ಕಾರ್ಡುಗಳನ್ನು ಬೆಸೆಯುವ ಸೇತುವೆಯನ್ನೂ ಬದಲಿಸಿದೆವು. ಫಲವಿಲ್ಲ. “ಅತ್ತೆ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿಬಿಡೋಣ” ಎಂದು ಹುಡುಗ ಬೇಸರಗೊಂಡ. ಹಾಗೆ ಮಾಡಿದರೆ ಯಂತ್ರವೇನೋ ಸರಿಹೋದೀತು, ಯಾವುದರಿಂದ ಸರಿಹೋಯಿತೆಂಬುದು ತಿಳಿಯದು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ನಾನು ಹಟ ಹಿಡಿದೆ.

ಕಲಾಸಿಪಾಳ್ಯವೆಂದರೆ ಬಸ್ಸು ಲಾರಿಗಳ ಬೀಡು. ನಮ್ಮ ಅಣ್ಣನ ನೆರೆಯಲ್ಲಿ ಲಾರಿಗಳ ವಿದ್ಯುತ್ ದುರಸ್ತಿಯಲ್ಲಿಯೇ ಕೂದಲು ಬೆಳ್ಳಗಾದ ಹಿರಿಯರೊಬ್ಬರಿದ್ದರು. ಗಣಕಯಂತ್ರ ಮುಟ್ಟಿದವರಲ್ಲ. ನಮ್ಮ ಕಥೆ ಕೇಳಿ, “ಹೆಡ್‌ಲೈಟ್ ಹಾಕ್ಕೊಂಡು ಸೆಲ್ಫ್ ಹೊಡೀರಮ್ಮ, ದೀಪ ಮಂಕಾಗ್ತದೆ. ಅದು ದೀಪದ ತಪ್ಪೇ? ನಿಮ್ಮ ಎರಡಕ್ಕೂ ಕರೆಂಟು ಎಲ್ಲಿಂದ ಬರ್ತದೆ ನೋಡಿ” ಎಂದರು.

ನೋಡಿದೆವು. ಒಂದೊಂದು ಕಾರ್ಡಿನ ಬಳಕೆ 250 ವ್ಯಾಟ್, ಎರಡಕ್ಕೆ 500. ಪ್ರಾಸೆಸರಿಗೆ ಸುಮಾರು 90. ಎಲ್ಲಕ್ಕೂ ಉಣಿಸಬೇಕಾದ ಎಸ್‌ಎಂಪಿಎಸ್ ಪೆಟ್ಟಿಗೆಯ ಶಕ್ತಿ 650 ವ್ಯಾಟ್. ಕಾಗದದ ಮೇಲೆ ಸಾಕು. ಆದರೆ ಕಾರ್ಡು ಸಮನಾಗಿ ಉಣ್ಣುವುದಿಲ್ಲ, ಕ್ಷಣದ ಸಾವಿರದೊಂದು ಪಾಲಿನಲ್ಲಿ ಹೇಳಿದ ಲೆಕ್ಕವನ್ನು ಮೀರಿ ಸೆಳೆಯುತ್ತದೆ. ದಾಸೋಹದ ಮನೆಯಲ್ಲಿ ಇಡೀ ದಿನಕ್ಕೆ ಸಾಲುವಷ್ಟು ಅನ್ನ ಬೆಂದಿದ್ದರೂ, ಎರಡು ಪಂಕ್ತಿ ಏಕಕಾಲಕ್ಕೆ ಕೈಚಾಚಿದಾಗ ಬಡಿಸುವ ಸೌಟು ಒಂದೇ ಇದ್ದರೆ ಆಗುವ ಫಜೀತಿ ಇದು. ಆಗ ಪೆಟ್ಟಿಗೆಯು ತನ್ನ ರಕ್ಷಣೆಗಾಗಿ ಕೈ ಎತ್ತಿಬಿಡುತ್ತದೆ. ಸಾಲದ್ದಕ್ಕೆ, ಒಂದೇ ತಂತಿಯಿಂದ ಕವಲೊಡೆದ ಎರಡು ತುದಿಗಳನ್ನು ಒಂದೇ ಕಾರ್ಡಿಗೆ ಚುಚ್ಚಲಾಗಿತ್ತು.

ಆದರೂ ಇದು ಊಹೆಯಷ್ಟೆ. ಕಾಸು ಖರ್ಚಿಲ್ಲದೆ ಪರೀಕ್ಷಿಸುವ ದಾರಿಯೊಂದಿತ್ತು. ತಂತ್ರಾಂಶದ ಮೂಲಕ ಎರಡೂ ಕಾರ್ಡುಗಳ ಬಳಕೆಯ ಮಿತಿಯನ್ನು ಶೇಕಡಾ 70ಕ್ಕೆ ಇಳಿಸಿದೆವು. ಜೋಡಿ ರಾತ್ರಿಯೆಲ್ಲ ನಡೆಯಿತು. ಮತ್ತೆ ನೂರಕ್ಕೆ ಏರಿಸಿದಾಗ ಇಪ್ಪತ್ತು ನಿಮಿಷದಲ್ಲಿ ಕತ್ತಲು. ಸುದ್ದಿ ತಿಳಿದ ಅಂಗಡಿಯ ಹುಡುಗ ತಾನೇ 850 ವ್ಯಾಟಿನ ಪೆಟ್ಟಿಗೆಯೊಂದನ್ನು ಹೊತ್ತು ತಂದು, ಪ್ರತಿ ಕಾರ್ಡಿಗೂ ಬೇರೆ ಬೇರೆ ತಂತಿಗಳನ್ನು ಎಳೆದು ಜೋಡಿಸಿದ. ಅಂದಿನಿಂದ ಯಂತ್ರ ನಿಂತದ್ದಿಲ್ಲ. ಅಣ್ಣ ಅಂಗಡಿಗೆ ಹೋಗಿ, ಹುಡುಗನ ತಪ್ಪೇನೂ ಇಲ್ಲವೆಂದು ಮಾಲೀಕರ ಎದುರಿನಲ್ಲಿಯೇ ಹೇಳಿ ಬಂದರು.

ಎಲ್ಲರ ಮನೆಯಲ್ಲಿಯೂ ದೋಷ ಇದೇ ಆಗಿರಬೇಕೆಂದಿಲ್ಲ. ಒಂಟಿಯಾಗಿ ಓಡಿಸಿದಾಗಲೂ ಒಂದು ಕಾರ್ಡು ಮಾತ್ರ ಸೋತರೆ ಅದನ್ನೇ ಸಂಶಯಿಸಬೇಕು. ಶಾಖ ಏರುತ್ತ ಹೋಗಿ ನಿಂತರೆ ಗಾಳಿಯ ದಾರಿಯನ್ನು ನೋಡಬೇಕು.

ಆಯ್ದಕ್ಕಿ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಲಕ್ಕಮ್ಮ ತಾಯಿ ಹೇಳಿದ ಪ್ರಸಂಗವನ್ನು ಅತ್ತಿಗೆ ಆಗಲೇ ನೆನಪಿಸಿ ನಕ್ಕಿದ್ದರು. ಎರಡನೆಯ ಕಾರ್ಡನ್ನು ಕಾಲವೇ ಹೊರಗಿಟ್ಟಿತು. ಎಸ್‌ಎಲ್‌ಐಗಾಗಿ ಹೊಸ ಹೊಂದಾಣಿಕೆಗಳನ್ನು ಒದಗಿಸುವುದನ್ನು ಎನ್‌ವಿಡಿಯಾ 2021ರ ಜನವರಿಯಿಂದ ನಿಲ್ಲಿಸಿತು, 2022ರಲ್ಲಿ ಬಂದ ಅದರ ಆರ್‌ಟಿಎಕ್ಸ್ 40 ಸರಣಿಯ ಕಾರ್ಡುಗಳಲ್ಲಿ ಜೋಡಣೆಯ ತುದಿಯೇ ಇಲ್ಲ. ಹುಡುಗನೂ ಈಗ ಒಂದೇ ಕಾರ್ಡಿನಲ್ಲಿ ತೃಪ್ತ. ಬಿಚ್ಚಿದ ಕಾರ್ಡು, ಮೂಲೆ ಸೇರಿದ್ದ ಆ 650 ವ್ಯಾಟಿನ ಪೆಟ್ಟಿಗೆಯೊಡನೆ, ಹಾಸ್ಟೆಲಿನಲ್ಲಿದ್ದು ಅನಿಮೇಷನ್ ಕಲಿಯುತ್ತಿದ್ದ ವಿದ್ಯಾರ್ಥಿಯೊಬ್ಬನಿಗೆ ಹೋಯಿತು. ಒಂದು ಕಾರ್ಡಿಗೆ ಅದು ಧಾರಾಳ. ಜೋಡಿಸಿಕೊಟ್ಟವನು ಅಂಗಡಿಯ ಆ ಹುಡುಗನೇ, ಕೂಲಿ ಮಾತ್ರ ಮುಟ್ಟಲಿಲ್ಲ.