ತಡವಾದರೂ ಪರವಾಗಿಲ್ಲ

ಸುವೈಕ್‌ನಲ್ಲಿ ದುಡಿಯುವ ನಾವು ನಾಲ್ಕು ಜನ ಒಮ್ಮೆ ರಜೆಗೆ ಊರಿಗೆ ಹೊರಟಿದ್ದೆವು. ವಿಮಾನ ಮಸ್ಕತ್‌ನಿಂದ ಏರಿ ಅರ್ಧ ಗಂಟೆಯೂ ಆಗಿರಲಿಲ್ಲ, ತಾಂತ್ರಿಕ ದೋಷ, ವಾಪಸ್ ಹೋಗ್ತಿದ್ದೇವೆ ಎಂದರು. ನಮಗೆ ಸಿಟ್ಟೇ ಬಂತು. ಎರಡು ವರ್ಷಕ್ಕೊಮ್ಮೆ ಸಿಗುವ ರಜೆ. ನಮ್ಮಲ್ಲೊಬ್ಬನ ತಂಗಿಯ ಮದುವೆ ಮರುದಿನವೇ. "ಮಂಗಳೂರಿಗೆ ಹೋಗಿಯೇ ರಿಪೇರಿ ಮಾಡ್ಬಹುದಿತ್ತಲ್ಲ" ಎಂದು ಗೊಣಗಿದೆವು.

ಪಕ್ಕದ ಸೀಟಿನ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: "ಬಜ್ಪೆಯದ್ದು ಮರೆತ್ರಾ ಮಕ್ಕಳೇ?"

ಮರೆಯುವುದುಂಟಾ? 2010ರ ಮೇ 22. ದುಬೈಯಿಂದ ಬಂದ ವಿಮಾನದಲ್ಲಿ 158 ಜನ ಹೋದರು, ಉಳಿದವರು ಎಂಟೇ ಮಂದಿ. ಅಲ್ಲಿ ಯಂತ್ರ ಕೆಟ್ಟಿರಲಿಲ್ಲ. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಿಬಿಟ್ಟರು.

2022ರ ಜುಲೈನಲ್ಲಿ ಕೋಝಿಕ್ಕೋಡ್‌ನಿಂದ ದುಬೈಗೆ ಹೊರಟ ವಿಮಾನದೊಳಗೆ ಸುಟ್ಟ ವಾಸನೆ ಬಂದಾಗ ಮಸ್ಕತ್‌ನಲ್ಲೇ ಇಳಿಸಿದರು. ಎಲ್ಲರೂ ಕ್ಷೇಮ. ನಮ್ಮ ಮುಂದೆಯೂ ಇದ್ದದ್ದು ಬರೀ ಕಡಲು. ಹಿಂದಿನ ನಿಲ್ದಾಣವೇ ಹತ್ತಿರ.

ಮದುವೆ ತಪ್ಪಿತು. ಅಣ್ಣನಿಲ್ಲದೆ ಧಾರೆ ಆಯಿತೆಂದು ತಂಗಿ ಫೋನಿನಲ್ಲಿ ಅತ್ತಳಂತೆ. ಆದರೆ ಮೂರನೇ ದಿನ ಅಣ್ಣ ಬಾಗಿಲಲ್ಲಿ ನಿಂತಿದ್ದ. ಅಷ್ಟು ಸಾಕಲ್ಲವೇ?

ಅಂದಿನಿಂದ ನಾವು ಮನೆಯ ಶುಭಕಾರ್ಯಕ್ಕೆ ನಾಲ್ಕು ದಿನ ಮೊದಲೇ ಟಿಕೆಟ್ ಮಾಡ್ತೇವೆ. ನೀವೂ ಹಾಗೇ ಮಾಡಿ.