ಕರೆಂಟ್ ಬಂತು, ಫೋಲ್ಡರ್ ಬರಲಿಲ್ಲ

ಗೋಕಾಕದ ಪೇಟೆ. ಕೆಳಗೆ ಕರದಂಟಿನ ಅಂಗಡಿ, ಮೇಲೆ ಫೋಟೋ ಸ್ಟುಡಿಯೋದವರ ಮನೆ. ಬೆಲ್ಲ, ತುಪ್ಪ, ಹುರಿದ ಅಂಟಿನ ವಾಸನೆಯಲ್ಲೇ ನೀವು ಮೆಟ್ಟಿಲು ಹತ್ತುತ್ತೀರಿ. ಬಾಗಿಲಲ್ಲೇ ಹುಡುಗ ಎದುರಾಗುತ್ತಾನೆ.

“ಬರ್ರಿ ಅಣ್ಣಾರ. ಕರೆಂಟ್ ಬಂದೈತಿ, ಇಂಟರ್ನೆಟ್ ಬಂದೈತಿ, ಝಡ್ ಡ್ರೈವ್ ಅಷ್ಟ ತೆರೀವಲ್ದು.”

ಒಳಗೆ ಹುಕ್ಕೇರಿಯಿಂದ ಬಂದ ಮದುಮಗಳ ಕಾಕಾ ಚಹಾ ಹಿಡಿದು ಕುಳಿತಿದ್ದಾರೆ. ಮೂಡಲಗಿಯಲ್ಲಿ ನಡೆದ ಮದುವೆಯ ಆಲ್ಬಮ್‌ಗೆ ಅವರು ಫೋಟೋ ಆರಿಸಬೇಕು. ಫೋಟೋಗಳೆಲ್ಲ ಮೂಲೆಯ ಹಳೆಯ ಡೆಸ್ಕ್‌ಟಾಪಿಗೆ ಜೋಡಿಸಿದ ಯುಎಸ್‌ಬಿ ಡಿಸ್ಕಿನಲ್ಲಿವೆ. ಅದೇ ಈ ಮನೆಯ ಸರ್ವರ್. ಅದರಲ್ಲಿ ಲಿನಕ್ಸ್ ಇದೆ, ಲಿನಕ್ಸಿನ ಫೋಲ್ಡರನ್ನು ವಿಂಡೋಸ್‌ಗೆ ತೋರಿಸುವ ಸಾಂಬಾ ಇದೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರ ಸುಮಾರಿಗೆ ಬರೆದ ಈ ತಂತ್ರಾಂಶಕ್ಕೆ ಇಂದಿಗೂ ಕಾಸು ಕೊಡಬೇಕಿಲ್ಲ. ಅದು ತೋರಿಸುವ ಫೋಲ್ಡರೇ ಹುಡುಗನ ಲ್ಯಾಪ್‌ಟಾಪಿನಲ್ಲಿ ಝಡ್ ಡ್ರೈವ್.

ನಿನ್ನೆ ರಾತ್ರಿ ಗುಡುಗು ಮಳೆ. ಕರೆಂಟ್ ಹೋಗಿ ಬಂದು, ಹೋಗಿ ಬಂದು ಮಾಡಿತು. ಕಾಕಾ ನಗುತ್ತಾರೆ: “1887ರಾಗ ಫಾಲ್ಸ್ ನೀರಿನಿಂದ ಕರೆಂಟ್ ಹುಟ್ಟಿಸಿದ ಊರು ನಿಮ್ಮದು. ನಮ್ಮದು 1969ರ ಸೊಸೈಟಿ ಲೈನ್. ಮಳಿ ಬಂದ್ರ ಇಬ್ರೂ ಒಂದ!” ಹುಕ್ಕೇರಿ ತಾಲೂಕಿಗೆ ವಿದ್ಯುತ್ ಹಂಚುವುದು ಗ್ರಾಹಕರದೇ ಸಹಕಾರಿ ಸಂಘ.

ನೀವು ಲ್ಯಾಪ್‌ಟಾಪ್ ಮುಟ್ಟುವುದಿಲ್ಲ. ಮೊದಲು ಬಗ್ಗಿ ಸರ್ವರ್ ಹಿಂದಿನ ಲ್ಯಾನ್ ಕೇಬಲ್ ನೋಡುತ್ತೀರಿ. ಹಸಿರು ದೀಪ ಮಿಣುಕುತ್ತಿದೆ. ತಂತಿ ಸರಿ ಇದೆ. ಸರ್ವರಿಗೆ ಮಾನಿಟರ್ ಜೋಡಿಸಿ ಐಪಿ ವಿಳಾಸ ಕೇಳುತ್ತೀರಿ: 192.168.1.37. ಹುಡುಗನ ಝಡ್ ಡ್ರೈವ್ ಹುಡುಕುತ್ತಿರುವುದು 192.168.1.20. ರೂಟರ್ ಆರಿ ಹೊತ್ತಿದಾಗ ಹಳೆಯ ಲೆಕ್ಕ ಮರೆತು ಹೊಸ ವಿಳಾಸ ಹಂಚಿದೆ. ಮನೆ ಬದಲಿಸಿದವರ ಹಳೆಯ ಬಾಗಿಲಿಗೆ ಲಗ್ನಪತ್ರಿಕೆ ಒಯ್ದಂತಾಗಿದೆ ಲ್ಯಾಪ್‌ಟಾಪಿನ ಪಾಡು.

ರೂಟರಿನ ಪುಟ ತೆರೆದು, ಡಿಎಚ್‌ಸಿಪಿ ರಿಸರ್ವೇಶನ್‌ನಲ್ಲಿ ಸರ್ವರಿನ ಮ್ಯಾಕ್ ವಿಳಾಸಕ್ಕೆ 20ನ್ನು ಕಾಯಂ ಮಾಡುತ್ತೀರಿ. ಸರ್ವರ್ ರೀಸ್ಟಾರ್ಟ್. ಪಿಂಗ್‌ಗೆ ಉತ್ತರ ಬರುತ್ತದೆ. ಝಡ್ ಡ್ರೈವ್ ತೆರೆದುಕೊಳ್ಳುತ್ತದೆ.

ಒಳಗೆ ಏನೂ ಇಲ್ಲ.

“ಫೋಟೋ ಹೋದ್ವೇನ್ರಿ?” ಹುಡುಗನ ದನಿ ಇಳಿಯುತ್ತದೆ. ಕಾಕಾ ಚಹಾದ ಬಸಿ ಕೆಳಗಿಡುತ್ತಾರೆ.

“ಏನೂ ಕಾಪಿ ಮಾಡಬ್ಯಾಡ, ತಡಿ,” ಎನ್ನುತ್ತೀರಿ. ಡಿಸ್ಕುಗಳ ಪಟ್ಟಿ ತೆಗೆದರೆ ಯುಎಸ್‌ಬಿ ಡಿಸ್ಕ್ ಕಾಣುತ್ತಿದೆ, ಆದರೆ ಮೌಂಟ್ ಆಗಿಲ್ಲ. ಅದು ಕೂಡಬೇಕಿದ್ದ ಜಾಗದಲ್ಲಿ ಬರೀ ಖಾಲಿ ಫೋಲ್ಡರ್. ಸಾಂಬಾ ಅದನ್ನೇ ತೋರಿಸುತ್ತಿದೆ. ಈಗ ಏನಾದರೂ ಕಾಪಿ ಮಾಡಿದರೆ ಅದು ಸಿಸ್ಟಮ್ ಡಿಸ್ಕಿನಲ್ಲಿ ಕೂಡುತ್ತದೆ, ಫೋಟೋ ಡಿಸ್ಕ್ ಮೌಂಟ್ ಆದೊಡನೆ ಅದರಡಿ ಮರೆಯಾಗುತ್ತದೆ. ಮೌಂಟ್ ಮಾಡುವ ಮೊದಲೇ ಫೈಲ್ ಸಿಸ್ಟಮ್ ತಪಾಸಣೆ ಓಡಿಸುತ್ತೀರಿ; ಬರೆಯುತ್ತಿರುವಾಗಲೇ ಕರೆಂಟ್ ಹೋದ ಡಿಸ್ಕಿಗೆ ಇದು ಬೇಕೇ ಬೇಕು. ತಪಾಸಣೆ ಮುಗಿದು ಮೌಂಟ್ ಆಗುತ್ತದೆ. ಅಕ್ಷತೆ, ಪೇಟ, ಬಾಸಿಂಗ ತೆರೆಯ ತುಂಬ ಮೂಡುತ್ತವೆ. ಮೌಂಟ್ ಆಗಬೇಕಾದ ಡಿಸ್ಕುಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಡಿಸ್ಕಿಗೆ ಯುಯುಐಡಿ ಗುರುತು ಬರೆದು, ಅದು ಏಳುವುದು ತಡವಾದರೆ ಸರ್ವರ್ ಸ್ವಲ್ಪ ಕಾಯುವಂತೆ ಮಾಡುತ್ತೀರಿ.

ಹುಡುಗನ ಅಕ್ಕನ ಹೊಸ ಲ್ಯಾಪ್‌ಟಾಪ್ ಮಾತ್ರ ಇನ್ನೂ ಒಲ್ಲೆ ಅನ್ನುತ್ತಿದೆ. ವಿಂಡೋಸ್ 11 ಪ್ರೋ, 24ಎಚ್2 ಆವೃತ್ತಿ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವನ್ನು ಅದು ಒಪ್ಪುವುದಿಲ್ಲ. “ನಮ್ಮ ಗೆಳೆಯಾ ಹೇಳ್ಯಾನ, ಎಸ್‌ಎಂಬಿ ಒನ್ ಆನ್ ಮಾಡಿದ್ರ ಎಲ್ಲಾ ನಡೀತೈತಂತ,” ಎನ್ನುತ್ತಾನೆ ಹುಡುಗ. ನೀವು ಬೇಡವೆಂದು ತಲೆಯಾಡಿಸುತ್ತೀರಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ನುಗ್ಗಿ, ಬ್ರಿಟನ್ನಿನ ಆಸ್ಪತ್ರೆಗಳನ್ನೂ ಕಂಗೆಡಿಸಿದ್ದು ಫೈಲ್ ಹಂಚಿಕೆಯ ಆ ಹಳೆಯ ವಿಧಾನವಾದ ಎಸ್‌ಎಂಬಿ ಒನ್‌ನ ದೋಷದಿಂದಲೇ. ಅಕ್ಕನ ಹೆಸರಿನಲ್ಲಿ ಸಾಂಬಾ ಖಾತೆ ತೆರೆದು ಪಾಸ್‌ವರ್ಡ್ ಕೊಡುತ್ತೀರಿ. ಲಿನಕ್ಸಿನ ಪಾಸ್‌ವರ್ಡ್ ಬೇರೆ, ಸಾಂಬಾದ್ದು ಬೇರೆ. ಎರಡನೆಯದನ್ನು ಕೊಟ್ಟೊಡನೆ ಫೋಲ್ಡರ್ ತೆರೆಯುತ್ತದೆ.

ಕಾಕಾ ಕುರ್ಚಿ ಹತ್ತಿರ ಎಳೆದುಕೊಂಡು ಫೋಟೋ ಆರಿಸತೊಡಗುತ್ತಾರೆ. ನೀವು ಹುಡುಗನಿಗೆ ಒಂದು ಚೀಟಿ ಬರೆದುಕೊಡುತ್ತೀರಿ: ಮೊದಲು ತಂತಿ, ಆಮೇಲೆ ವಿಳಾಸ, ಆಮೇಲೆ ಡಿಸ್ಕ್, ಕೊನೆಗೆ ಪಾಸ್‌ವರ್ಡ್. ಈ ಸಾಲು ತಪ್ಪಿಸಿ ಎಲ್ಲ ಸೆಟ್ಟಿಂಗ್ ಒಟ್ಟಿಗೆ ತಿರುವಿದರೆ ಯಾವುದು ಕೆಟ್ಟಿತ್ತು, ಯಾವುದನ್ನು ನಾವೇ ಕೆಡಿಸಿದೆವು ಎಂಬುದು ತಿಳಿಯುವುದಿಲ್ಲ. ರೂಟರಿಗೂ ಸರ್ವರಿಗೂ ಒಂದು ಯುಪಿಎಸ್ ಇಡಿ, ಮದುವೆ ಫೋಟೋಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇಡಿ. ಹಂಚಿಕೊಂಡ ಫೋಲ್ಡರ್ ಬ್ಯಾಕಪ್ ಅಲ್ಲ.