ಹನ್ನೆರಡೇ ಚಿತ್ರ

ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಸಹಿ ನೋಡಿದವನು ನಾನು. ಸಹಿಯ ಬಾಲ ಒಂಚೂರು ಹೆಚ್ಚುಕಡಿಮೆಯಾದರೂ ಚೆಕ್ಕನ್ನು ವಾಪಸು ಕಳಿಸಿದ್ದೇನೆ. ಅಂಥವನು ನಿವೃತ್ತನಾದ ಮೇಲೆ ಸಹಿಯೇ ಇಲ್ಲದ ಒಂದು ಚೆಕ್ಕನ್ನು ಪಾಸು ಮಾಡಿಬಿಟ್ಟೆ. ಅದರ ಕತೆ ಇದು.

1979ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದಾಗ ಒಂದು ಖೋಲಿಯಲ್ಲಿ ನಾವು ಒಂಬತ್ತು ಜನ. ಹೆಚ್ಚಿನವರು ಹೋಟೆಲ್ ಹುಡುಗರು. ಹಗಲೆಲ್ಲ ಕಪ್ಪು-ಬಸಿ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದರು. ಮುಂಬಯಿಯ ರಾತ್ರಿ ಶಾಲೆಗಳು ನಮ್ಮ ಕಡೆಯ ಎಷ್ಟು ಹುಡುಗರನ್ನು ಮೆಟ್ರಿಕ್ ದಾಟಿಸಿದವೋ ಲೆಕ್ಕವಿಲ್ಲ. ಮರುವರ್ಷ ನನಗೆ ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಮೊದಲ ಬೋನಸ್ಸಿನಲ್ಲಿ ಹಳೆಯ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಕೊಂಡೆ. 120ರ ರೋಲು, ಹನ್ನೆರಡೇ ಚಿತ್ರ. ತೊಳೆಸಲು, ಪ್ರಿಂಟು ಹಾಕಿಸಲು ಬೇರೆ ದುಡ್ಡು. ಹಾಗಾಗಿ ಒತ್ತುವ ಮೊದಲು ಹತ್ತು ಸಲ ಯೋಚಿಸಬೇಕಿತ್ತು.

ನಿವೃತ್ತಿಯಾದದ್ದು 2018ರಲ್ಲಿ. ಮನೆಯಲ್ಲಿ ಕೂತು ಪೇಪರು ಎಷ್ಟು ಅಂತ ಓದೋದು? ನಮ್ಮ ಸಂಘದವರು ಭಾನುವಾರ ಬೆಳಿಗ್ಗೆ ಒಂದು ಕೋಣೆ ಬಿಟ್ಟುಕೊಟ್ಟರು. ಧಾರಾವಿ, ಸಾಯನ್ ಕಡೆಯ ಎಂಟು ಮಕ್ಕಳು ಬಂದರು. ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದವರ ಮಕ್ಕಳು. ಅವರ ಕನ್ನಡ ನನಗೆ, ನನ್ನ ಕುಂದಾಪ್ರ ಕನ್ನಡ ಅವರಿಗೆ, ಎರಡೂ ನಗೆಯ ವಸ್ತು!

ಮೊದಲ ಪಾಠಕ್ಕೆ ಕ್ಯಾಮೆರಾ ಇಲ್ಲ. ಬಿಸ್ಕತ್ತಿನ ಡಬ್ಬಿಯ ತಳಕ್ಕೆ ಸೂಜಿಯಲ್ಲಿ ತೂತು ಮಾಡಿ, ಬಾಯಿಗೆ ಟ್ರೇಸಿಂಗ್ ಕಾಗದ ಕಟ್ಟಿ, ತಲೆಯ ಮೇಲೆ ಕರಿ ಬಟ್ಟೆ ಹೊದ್ದು ಕಿಟಕಿಯತ್ತ ಹಿಡಿದರೆ ಎದುರಿನ ಕಟ್ಟಡ ತಲೆಕೆಳಗಾಗಿ ಕಾಣುತ್ತದೆ. ಬೆಳಕು ನೆಟ್ಟಗೆ ಹೋಗುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಮಕ್ಕಳು ಕಿರುಚಿದ್ದೇ ಕಿರುಚಿದ್ದು. ಆಮೇಲೆ ಎರಡು ಸೆಕೆಂಡ್‌ಹ್ಯಾಂಡ್ ಡಿಜಿಟಲ್ ಕ್ಯಾಮೆರಾ ತಂದೆ. ನಿಯಮ ಒಂದೇ: ವಾರಕ್ಕೆ ಹನ್ನೆರಡೇ ಚಿತ್ರ, ಅಳಿಸುವ ಹಾಗಿಲ್ಲ.

ಒಮ್ಮೆ ಕಾಲಾಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಕರೆದುಕೊಂಡು ಹೋದೆ. 1952ರಿಂದ ಇರುವ ಗ್ಯಾಲರಿ, ಟಿಕೆಟ್ಟಿಲ್ಲ. ಆದರೂ ಮಕ್ಕಳು ಬಾಗಿಲಲ್ಲೇ ನಿಂತರು. "ನಮ್ಮನ್ನ ಒಳಗ ಬಿಡ್ತಾರೇನ್ರಿ ಸರ್?" ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಇದೇ ಮುಂಬಯಿಗೆ ಬಂದು ದೊಡ್ಡ ಕಲಾವಿದರಾದ ಕೆ.ಕೆ. ಹೆಬ್ಬಾರರ ಕತೆ ಹೇಳಿಕೊಂಡೇ ಒಳಗೆ ನಡೆಸಿದೆ.

ಕೊರೋನಾದಲ್ಲಿ ನಿಂತ ತರಗತಿ ಮತ್ತೆ ಶುರುವಾಗಿ, 2023ರ ರಾಜ್ಯೋತ್ಸವಕ್ಕೆ ಮಕ್ಕಳ ಚಿತ್ರಗಳ ಪ್ರದರ್ಶನ ಇಟ್ಟೆವು. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ತನ್ನ ತಾಯಿಯನ್ನು ತೆಗೆದಿದ್ದ. ಪ್ಲಾಸ್ಟಿಕ್ ಚಿಂದಿಯ ರಾಶಿ, ಮೇಲಿನ ತಗಡಿನ ಸಂದಿಯಿಂದ ಬಿದ್ದ ಬೆಳಕು, ಆರಿಸುತ್ತಿರುವ ಎರಡು ಕೈ, ಬಗ್ಗಿದ ಮುಖ. ನನ್ನ ಜನ್ಮದಲ್ಲಿ ಅಂಥ ಚಿತ್ರ ತೆಗೆದಿಲ್ಲ. ಅದನ್ನೇ ದೊಡ್ಡದು ಮಾಡಿಸಿ ಬಾಗಿಲಿನ ಎದುರಿಗೇ ಹಾಕಿಸಿದೆ.

ತಾಯಿ ಹೊಸ ಸೀರೆ ಉಟ್ಟು ಬಂದರು. ಚಿತ್ರ ನೋಡಿದರು. ಸೆರಗು ಬಾಯಿಗೆ ಹಿಡಿದು ಹೊರಟೇಹೋದರು. ಮುಂದಿನ ಭಾನುವಾರ ಹುಡುಗ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ.

ವಿಳಾಸ ಹುಡುಕಿಕೊಂಡು ಹೋದೆ. ಆಕೆ ಜಗಳವಾಡಲಿಲ್ಲ, ಚಹಾ ಕೊಟ್ಟರು. ಆಮೇಲೆ ಹೇಳಿದರು: "ಊರಾಗ ನಾ ಅಂಗಡ್ಯಾಗ ಕೆಲಸ ಮಾಡ್ತೀನಂತ ಹೇಳೀನ್ರಿ. ಅವತ್ತ ನಮ್ಮೂರ ಮಂದೀನೂ ಬಂದಿದ್ರು. ಒಂದು ಮಾತು ಕೇಳಬೇಕಿತ್ತಲ್ರಿ ಸರ್."

ಚಹಾ ಗಂಟಲಲ್ಲಿ ಇಳಿಯಲಿಲ್ಲ. ನನ್ನ ಆಗ್ಫಾ ಕ್ಯಾಮೆರಾದಿಂದ ನಾನು ಊರಿಗೆ ಕಳಿಸಿದ್ದು ಎಂಥ ಚಿತ್ರಗಳು? ಗೇಟ್‌ವೇ ಮುಂದೆ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತದ್ದು, ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೂತದ್ದು. ಒಂಬತ್ತು ಜನ ಸರದಿಯಲ್ಲಿ ಮಲಗುತ್ತಿದ್ದ ಖೋಲಿಯದು ಒಂದೂ ಇಲ್ಲ. ಅಮ್ಮ ಸಾಯುವವರೆಗೂ ಆ ಖೋಲಿ ನೋಡಲಿಲ್ಲ. ನನ್ನ ಮಾನ ಕಾಯ್ದುಕೊಳ್ಳಲು ಗೊತ್ತಿದ್ದ ನನಗೆ, ಆಕೆಯ ಮಾನದ ನೆನಪೇ ಆಗಲಿಲ್ಲ. ಹುಡುಗನನ್ನು ಹೊಗಳುವ ಭರದಲ್ಲಿ ಚಿತ್ರದೊಳಗೆ ಒಬ್ಬರು ಇದ್ದಾರೆ ಎಂಬುದೇ ಮರೆತಿತ್ತು.

ತಪ್ಪಾಯಿತು ಎಂದು ಕೈಮುಗಿದೆ. ದೊಡ್ಡ ಪ್ರಿಂಟನ್ನು ಅವರ ಮನೆಗೇ ತಲುಪಿಸಿದೆ. ಏನು ಮಾಡಿದರೋ ಕೇಳಲಿಲ್ಲ. ಹುಡುಗ ತಿಂಗಳ ಮೇಲೆ ಬಂದ. ಬಂದವನು ಮೊದಲು ತೋರಿಸಿದ್ದು ಒಂದೇ ಚಿತ್ರ: ಅದೇ ಹೊಸ ಸೀರೆಯಲ್ಲಿ ಮನೆಯ ಬಾಗಿಲಿಗೆ ಒರಗಿ ನೇರ ನೋಡುತ್ತಿರುವ ತಾಯಿ. "ಅವ್ವನ ಹೇಳಿ ತಗಸಿಕೊಂಡ್ಳ್ರಿ, ಊರಿಗೆ ಕಳಿಸಾಕ."

ಬೆಳಕು ಸ್ವಲ್ಪ ಚಪ್ಪಟೆಯಾಗಿತ್ತು. ನಾನು ಏನೂ ಹೇಳಲಿಲ್ಲ.

ಈಗ ನಮ್ಮ ತರಗತಿಯಲ್ಲಿ ನಿಯಮ ಎರಡು. ವಾರಕ್ಕೆ ಹನ್ನೆರಡೇ ಚಿತ್ರ. ಯಾರ ಚಿತ್ರವೋ ಅವರಿಗೆ ಮೊದಲು ತೋರಿಸಬೇಕು. ಅವರು ಹೂಂ ಅಂದರೆ ಮಾತ್ರ ಗೋಡೆಗೆ. ಒಂದು ರಿಜಿಸ್ಟರ್ ಇಟ್ಟಿದ್ದೇನೆ. ಅದರಲ್ಲಿ ಸಹಿ, ಇಲ್ಲವೇ ಹೆಬ್ಬೆಟ್ಟು.